ಕೈಯ ಮಾತಿಗೂ ಊರು-ಕೇರಿ ಉಂಟು

ಬೆಂಗಳೂರಿನ ಒಂದು ಕಾಫಿ ಅಂಗಡಿಯಲ್ಲಿ ಗಲ್ಲಾದ ಹಿಂದೆ ನಿಂತಿದ್ದ ಯುವಕನಿಗೆ ಕಿವಿ ಕೇಳಿಸುವುದಿಲ್ಲ ಎಂದು ಮೇಜಿನ ಮೇಲಿನ ಫಲಕವೇ ತಿಳಿಸುತ್ತಿತ್ತು. ಅಂತರ್ಜಾಲದ ವಿಡಿಯೊಗಳನ್ನು ನೋಡಿ ವಾರವಿಡೀ ಬೆರಳಕ್ಷರ ಕಲಿತಿದ್ದ ನಾನು, ಆ ವಿದ್ಯೆಯನ್ನು ಪ್ರಯೋಗಿಸುವ ಹುಮ್ಮಸ್ಸಿನಲ್ಲಿ ಬಲಗೈಯನ್ನು ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ಪಕ್ಕಕ್ಕೆ ನಿಲ್ಲಿಸಿ, ಇಂಗ್ಲಿಷಿನ ‘ಎ’ ಅಕ್ಷರ ತೋರಿಸಿದೆ. ಆತ ಮುಷ್ಟಿಯನ್ನು ಒಂದು ಕ್ಷಣ ನೋಡಿ ನಕ್ಕ. ಆಮೇಲೆ ತನ್ನ ಎಡಗೈಯನ್ನು ಬಿಡಿಸಿ ಹಿಡಿದು, ಬಲಗೈಯ ತೋರುಬೆರಳಿನಿಂದ ಎಡಗೈ ಹೆಬ್ಬೆರಳಿನ ತುದಿಯನ್ನು ಮುಟ್ಟಿದ: ಅದು ‘ಎ’. ತೋರುಬೆರಳಿನ ತುದಿ ‘ಇ’, ನಡುಬೆರಳು ‘ಐ’, ಉಂಗುರದ ಬೆರಳು ‘ಒ’, ಕಿರುಬೆರಳು ‘ಯು’. ಇಂಗ್ಲಿಷಿನ ಐದೂ ಸ್ವರಗಳು ಒಂದೇ ಅಂಗೈಯಲ್ಲಿ ಸಾಲಾಗಿ ನಿಂತಿದ್ದವು. ನಾನು ಕಲಿತು ಬಂದಿದ್ದು ಅಮೆರಿಕದವರು ಒಂದೇ ಕೈಯಲ್ಲಿ ತೋರಿಸುವ ಅಕ್ಷರಮಾಲೆ. ಆತನದು ಬ್ರಿಟನ್ನಿನ ಮೂಲದಿಂದ ಬಂದು ನಮ್ಮಲ್ಲಿ ನೆಲೆಯಾದ ಎರಡು ಕೈಗಳ ಅಕ್ಷರಮಾಲೆ.

ಕಿವುಡರೆಲ್ಲರೂ ಕೈಯಲ್ಲೇ ಮಾತಾಡುವುದರಿಂದ ಜಗತ್ತಿನಾದ್ಯಂತ ಅವರ ಭಾಷೆ ಒಂದೇ ಇರಬೇಕು, ಜಪಾನಿನವರು ಬಂದರೂ ಜರ್ಮನಿಯವರು ಬಂದರೂ ಪರಸ್ಪರ ಅರ್ಥವಾಗಬೇಕು ಎಂಬ ನಂಬಿಕೆ ಕಿವಿ ಕೇಳುವ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಅದಕ್ಕೆ ನಮ್ಮ ಮಾತಿನಲ್ಲೇ ಒಂದು ಕಾರಣ ಸಿಗುತ್ತದೆ. ಸರ್ಕಾರಿ ಕಾಗದಗಳು ‘ಸಂಜ್ಞಾ ಭಾಷೆ’ ಎಂದು ಬರೆಯುತ್ತವೆ. ಆಡುಮಾತಿನ ‘ಸನ್ನೆ’ ಅದೇ ‘ಸಂಜ್ಞೆ’ಯ ತದ್ಭವ. ಆದರೆ ಕಣ್ಸನ್ನೆ, ಕೈಸನ್ನೆ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಮಾತಿಗಿಂತ ಕಡಿಮೆಯದಾದ, ಕಲಿಯದೆಯೂ ತಿಳಿಯುವಂಥ ಒಂದು ಸೂಚನೆ. ಸನ್ನೆಗೆ ವ್ಯಾಕರಣವಿರುತ್ತದೆ, ಅದಕ್ಕೂ ಊರಿಂದೂರಿಗೆ ಬದಲಾಗುವ ಬಳಕೆಯಿರುತ್ತದೆ ಎಂದು ಆ ಪದ ಕೇಳಿದೊಡನೆ ಯಾರಿಗೂ ಹೊಳೆಯುವುದಿಲ್ಲ. ಹಾಗೆ ನೋಡಿದರೆ ಕಿವಿ ಕೇಳುವವರ ಸನ್ನೆಗಳೇ ಗಡಿ ದಾಟುವುದಿಲ್ಲ. ನಾವು ಒಪ್ಪಿಗೆಗೆ ತಲೆಯನ್ನು ಅಡ್ಡಡ್ಡ ತೂಗುವುದನ್ನು ಕಂಡು ಹೊರದೇಶದವರು ಇದು ಹೌದೋ ಅಲ್ಲವೋ ಎಂದು ತಬ್ಬಿಬ್ಬಾಗುವುದು ಹಳೆಯ ಕಥೆ.

ವಿಶ್ವ ಕಿವುಡರ ಒಕ್ಕೂಟವೂ ವಿಶ್ವಸಂಸ್ಥೆಯೂ ಹೇಳುವಂತೆ ಜಗತ್ತಿನಲ್ಲಿ 300ಕ್ಕೂ ಹೆಚ್ಚು ಸನ್ನೆಭಾಷೆಗಳಿವೆ. ಅವು ಆಯಾ ದೇಶದ ಆಡುಭಾಷೆಯನ್ನು ಕೈಗಿಳಿಸಿದ ರೂಪಗಳಲ್ಲ. ಹಾಗಿದ್ದರೆ ಇಂಗ್ಲಿಷ್ ಆಡುವ ದೇಶಗಳ ಕಿವುಡರಾದರೂ ಒಬ್ಬರಿಗೊಬ್ಬರು ಅರ್ಥವಾಗಬೇಕಿತ್ತು. ಲಂಡನ್ನಿನ ಕಿವುಡರಿಗೂ ನ್ಯೂಯಾರ್ಕಿನ ಕಿವುಡರಿಗೂ ಓದುವ ಪತ್ರಿಕೆಯ ಭಾಷೆ ಒಂದೇ. ಕೈಯ ಭಾಷೆಗಳು ಮಾತ್ರ ಬೇರೆ ಬೇರೆ ವಂಶದವು. ಅಮೆರಿಕದ ಸನ್ನೆಭಾಷೆಯ ನೆಂಟಸ್ತನ ಇರುವುದು ಬ್ರಿಟನ್ನಿನೊಂದಿಗಲ್ಲ, ಫ್ರಾನ್ಸಿನೊಂದಿಗೆ. ಹೀಗಾದದ್ದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಸನ್ನೆಭಾಷೆಗಳ ಭೂಪಟ ಹೇಗೆ ರೂಪುಗೊಳ್ಳುತ್ತದೆ ಎಂಬ ಗುಟ್ಟು ಈ ಒಂದು ಕಥೆಯಲ್ಲಿ ಅಡಗಿದೆ.

1815ರಲ್ಲಿ ಥಾಮಸ್ ಹಾಪ್ಕಿನ್ಸ್ ಗ್ಯಾಲೊಡೆಟ್ ಎಂಬ ಅಮೆರಿಕದ ಪಾದ್ರಿ, ಕಿವುಡ ಮಕ್ಕಳಿಗೆ ಕಲಿಸುವ ಬಗೆಯನ್ನು ಅರಿತು ಬರಲು ಬ್ರಿಟನ್ನಿಗೆ ಹೋದರು. ಅಲ್ಲಿ ಈ ವಿದ್ಯೆ ಬ್ರೇಡ್‌ವುಡ್ ಎಂಬ ಒಂದು ಕುಟುಂಬದ ಕೈಯಲ್ಲಿತ್ತು. ಅವರು ತಮ್ಮ ವಿಧಾನವನ್ನು ಮನೆತನದ ಮದ್ದಿನ ಗುಟ್ಟಿನಂತೆ ಕಾಪಾಡಿಕೊಂಡಿದ್ದರು. ಒಪ್ಪಲಾಗದ ಷರತ್ತುಗಳನ್ನು ಮುಂದಿಟ್ಟರು. ಅದೇ ಹೊತ್ತಿಗೆ ಪ್ಯಾರಿಸ್ಸಿನ ಕಿವುಡರ ಶಾಲೆಯ ಮುಖ್ಯಸ್ಥ ಸಿಕಾರ್ ತಮ್ಮ ಕಿವುಡ ಶಿಷ್ಯರೊಡನೆ ಲಂಡನ್ನಿಗೆ ಬಂದು ಪ್ರಾತ್ಯಕ್ಷಿಕೆ ನೀಡುತ್ತಿದ್ದರು. ಅವರು ಗ್ಯಾಲೊಡೆಟ್‌ರನ್ನು ಮುಕ್ತವಾಗಿ ಪ್ಯಾರಿಸ್ಸಿಗೆ ಕರೆದರು. ಹದಿನೆಂಟನೆಯ ಶತಮಾನದಲ್ಲಿ ಅಬೆ ದ ಲೆಪೆ ಹುಟ್ಟುಹಾಕಿದ ಆ ಶಾಲೆಯಲ್ಲಿ ಪಾಠ ನಡೆಯುತ್ತಿದ್ದುದೇ ಸನ್ನೆಗಳ ಮೂಲಕ. ಅಲ್ಲಿಂದ 1816ರಲ್ಲಿ ಗ್ಯಾಲೊಡೆಟ್ ಜೊತೆಗೆ ಹಡಗು ಹತ್ತಿದವರು ಲೊರಾಂ ಕ್ಲೆರ್ಕ್ ಎಂಬ ಕಿವುಡ ಶಿಕ್ಷಕರು. ದಾರಿಯುದ್ದಕ್ಕೂ ಕ್ಲೆರ್ಕ್ ಇಂಗ್ಲಿಷ್ ಕಲಿತರು, ಗ್ಯಾಲೊಡೆಟ್ ಸನ್ನೆ ಕಲಿತರು. 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಶಾಲೆ ತೆರೆಯಿತು. ಕ್ಲೆರ್ಕ್ ತಂದ ಫ್ರೆಂಚ್ ಸನ್ನೆಗಳು ಮಕ್ಕಳು ತಮ್ಮ ಮನೆಗಳಿಂದ, ಊರುಗಳಿಂದ ತಂದ ಸನ್ನೆಗಳೊಡನೆ ಬೆರೆತು ಇಂದಿನ ಅಮೆರಿಕನ್ ಸನ್ನೆಭಾಷೆಯಾಯಿತು. ಬ್ರೇಡ್‌ವುಡ್ ಕುಟುಂಬ ಅಂದು ಸ್ವಲ್ಪ ಉದಾರವಾಗಿ ನಡೆದುಕೊಂಡಿದ್ದರೆ ಅಮೆರಿಕದವರು ಇಂದು ಎರಡೂ ಕೈಗಳಿಂದ ಅಕ್ಷರ ತೋರಿಸುತ್ತಿದ್ದರೋ ಏನೋ.

ಒಂದು ಶಾಲೆಯಿಂದ ಇಡೀ ದೇಶದ ಭಾಷೆ ಬದಲಾಗುವುದು ಹೇಗೆ ಸಾಧ್ಯ? ಆಡುಭಾಷೆಗಳಲ್ಲಿ ಹೀಗಾಗುವುದು ಅಪರೂಪ, ಏಕೆಂದರೆ ಮಗು ಶಾಲೆಗೆ ಬರುವ ಮೊದಲೇ ಭಾಷೆ ತಾಯಿಯ ಮಡಿಲಲ್ಲಿ ಬಂದಿರುತ್ತದೆ. ಕಿವುಡ ಮಕ್ಕಳಲ್ಲಿ ಬಹುಪಾಲು ಕಿವಿ ಕೇಳುವ ತಂದೆತಾಯಿಗಳಿಗೆ ಹುಟ್ಟಿದವರು. ಅವರಿಗೆ ತಾಯಿಯ ಭಾಷೆ ಕೇಳಿಸುವುದಿಲ್ಲ, ತಾಯಿಗೆ ಅವರ ಭಾಷೆ ಗೊತ್ತಿರುವುದಿಲ್ಲ. ಆದ್ದರಿಂದ ಅವರ ಮೊದಲ ಪೂರ್ಣ ಭಾಷೆ ಬರುವುದು ಶಾಲೆಯಲ್ಲಿ, ಅದರಲ್ಲೂ ಹಾಸ್ಟೆಲಿನಲ್ಲಿ, ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ. ತಾಯ್ನುಡಿ ಎಂಬ ಮಾತೇ ಇಲ್ಲಿ ಸರಿಹೊಂದುವುದಿಲ್ಲ. ಬೇಕಾದರೆ ಗೆಳೆಯರ ನುಡಿ ಎನ್ನಬಹುದು. ಹೀಗಾಗಿ ಸನ್ನೆಭಾಷೆಗಳ ನಕ್ಷೆಯನ್ನು ಬಿಡಿಸಬೇಕಾದರೆ ದೇಶಗಳ ಗಡಿಯನ್ನೋ ಆಡುಭಾಷೆಗಳ ಸೀಮೆಯನ್ನೋ ನೋಡಿ ಪ್ರಯೋಜನವಿಲ್ಲ. ಯಾವ ಶಾಲೆ ಎಲ್ಲಿ ತೆರೆಯಿತು, ಅಲ್ಲಿ ಕಲಿತವರು ಎಲ್ಲಿಗೆ ಹೋಗಿ ಮತ್ತೊಂದು ಶಾಲೆ ತೆರೆದರು ಎಂಬುದನ್ನು ನೋಡಬೇಕು.

ಈ ಕೀಲಿಕೈ ಹಿಡಿದರೆ ವಿಚಿತ್ರವೆನಿಸುವ ಎಷ್ಟೋ ಸಂಗತಿಗಳು ಬಿಡಿಸಿಕೊಳ್ಳುತ್ತವೆ. ಅಮೆರಿಕದಲ್ಲಿ ಗ್ಯಾಲೊಡೆಟ್ ಹೆಸರಿನಲ್ಲಿರುವ ಕಿವುಡರ ಕಾಲೇಜಿನಿಂದ 1954ರಲ್ಲಿ ಪದವಿ ಪಡೆದ ಆಂಡ್ರ್ಯೂ ಫಾಸ್ಟರ್ ಎಂಬ ಕಪ್ಪು ವರ್ಣೀಯ ಕಿವುಡ ಪಾದ್ರಿ ಘಾನಾದಿಂದ ಆರಂಭಿಸಿ ಆಫ್ರಿಕಾದಲ್ಲಿ 32 ಶಾಲೆಗಳನ್ನು ಸ್ಥಾಪಿಸಿದರು. ಆದ್ದರಿಂದ ಇಂದು ಅಮೆರಿಕದ ಕಿವುಡ ಪ್ರವಾಸಿಯ ಕೈಮಾತು ಲಂಡನ್ನಿಗಿಂತ ನೈಜೀರಿಯಾದ ಲಾಗೋಸಿನಲ್ಲಿ ಹೆಚ್ಚು ಅರ್ಥವಾಗುತ್ತದೆ. ಜಪಾನ್ ತನ್ನ ವಸಾಹತುಗಳಲ್ಲಿ ಶಾಲೆಗಳನ್ನು ತೆರೆದಿದ್ದರಿಂದ ಕೊರಿಯಾ ಮತ್ತು ತೈವಾನ್ ಸನ್ನೆಭಾಷೆಗಳು ಜಪಾನಿನ ಕುಟುಂಬಕ್ಕೆ ಸೇರಿವೆ. ತೈವಾನಿನ ಜನ ಆಡುವುದು ಚೀನಿ ಭಾಷೆಯನ್ನು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಐರ್ಲೆಂಡಿನದು ಇನ್ನೂ ಸ್ವಾರಸ್ಯದ ಪ್ರಕರಣ. ಡಬ್ಲಿನ್ನಿನಲ್ಲಿ ಹುಡುಗಿಯರಿಗೆ 1846ರಲ್ಲಿ, ಹುಡುಗರಿಗೆ 1857ರಲ್ಲಿ ಪ್ರತ್ಯೇಕ ಶಾಲೆಗಳಾದವು. ಒಬ್ಬರಿಗೊಬ್ಬರ ಸಂಪರ್ಕವಿಲ್ಲದೆ ಎರಡು ಕಡೆ ಬೆಳೆದ ಸನ್ನೆಗಳು ಎಷ್ಟು ದೂರ ಸರಿದವೆಂದರೆ, ಗಂಡಸರ ಸನ್ನೆ ಮತ್ತು ಹೆಂಗಸರ ಸನ್ನೆ ಎಂದು ಒಂದೇ ನಗರದ ಭಾಷೆ ಎರಡಾಯಿತು. ಶಾಲೆ ಬಿಟ್ಟ ಮೇಲೆ ಹೆಚ್ಚಾಗಿ ಹೆಂಗಸರೇ ಗಂಡಸರ ಪದಗಳನ್ನು ಕಲಿಯಬೇಕಾಗುತ್ತಿತ್ತು.

ಹಾಗಾದರೆ ಸನ್ನೆಗಳು ವಸ್ತುಗಳ ರೂಪವನ್ನೇ ತೋರಿಸುತ್ತವಲ್ಲ, ರೂಪ ಎಲ್ಲ ದೇಶಗಳಲ್ಲೂ ಒಂದೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ‘ಮರ’ವನ್ನೇ ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ ಬೆರಳುಗಳನ್ನು ಬಿಡಿಸಿ ಅಲುಗಿಸುತ್ತಾರೆ. ಡೆನ್ಮಾರ್ಕಿನಲ್ಲಿ ಎರಡೂ ಕೈಗಳಿಂದ ಮರದ ತಲೆಯ ದುಂಡು ಆಕಾರವನ್ನೂ ಕೆಳಗೆ ಕಾಂಡವನ್ನೂ ಗಾಳಿಯಲ್ಲಿ ಬಿಡಿಸುತ್ತಾರೆ. ಚೀನಾದಲ್ಲಿ ಕಾಂಡವನ್ನು ಎರಡು ಕೈಗಳಲ್ಲಿ ಹಿಡಿದಂತೆ ಮಾಡಿ ಮೇಲಕ್ಕೆ ಒಯ್ಯುತ್ತಾರೆ. ಮೂರೂ ಮರದಂತೆಯೇ ಇವೆ, ಆದರೆ ಮರದ ಯಾವ ಲಕ್ಷಣವನ್ನು ಆರಿಸಬೇಕು ಎಂಬುದನ್ನು ಆಯಾ ಸಮುದಾಯ ತೀರ್ಮಾನಿಸಿದೆ. ಭಾರತದಲ್ಲಿ ಮೂಗುತಿಯ ಜಾಗ ಮುಟ್ಟಿದರೆ ಹೆಂಗಸು, ಮೀಸೆ ತೀಡಿದರೆ ಗಂಡಸು. ಅಮೆರಿಕದಲ್ಲಿ ಹೆಂಗಸಿಗೆ ಸಂಬಂಧಿಸಿದ ಸನ್ನೆಗಳು ಗಲ್ಲದ ಬಳಿ, ಗಂಡಸಿನವು ಹಣೆಯ ಬಳಿ. ಹಳೆಯ ಕಾಲದ ಟೊಪ್ಪಿಗೆಯ ದಾರವೂ ಹ್ಯಾಟಿನ ಅಂಚೂ ಅಲ್ಲಿದ್ದವು ಎಂಬ ವಿವರಣೆ ಇದೆ. ಜಪಾನಿನಲ್ಲಿ ನಡುಬೆರಳನ್ನು ಮೇಲೆತ್ತಿದರೆ ಅಣ್ಣ ಎಂದರ್ಥ. ಅದೇ ಬೆರಳನ್ನು ಅಮೆರಿಕದಲ್ಲಿ ಎತ್ತಿದರೆ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ.

ಕಾರಣ ತಿಳಿದ ಮೇಲೆ ಸನ್ನೆ ಸಹಜವೆನಿಸುತ್ತದೆ. ತಿಳಿಯುವ ಮುನ್ನ ಅಲ್ಲ. ಅಮೆರಿಕದ ಸಂಶೋಧಕರಾದ ಅರ್ಸುಲಾ ಬೆಲೂಗಿ ಮತ್ತು ಎಡ್ವರ್ಡ್ ಕ್ಲೀಮಾ 1970ರ ದಶಕದಲ್ಲಿ ಸನ್ನೆಭಾಷೆ ಬಾರದವರಿಗೆ ಸನ್ನೆಗಳನ್ನು ತೋರಿಸಿ ಅರ್ಥ ಊಹಿಸಲು ಹೇಳಿದಾಗ, ಬಹುಪಾಲು ಸನ್ನೆಗಳ ಅರ್ಥ ಯಾರಿಗೂ ಹೊಳೆಯಲಿಲ್ಲ. ಅರ್ಥ ಹೇಳಿಕೊಟ್ಟ ಮೇಲೆ ಮಾತ್ರ, ಈ ಸನ್ನೆ ಹೀಗೇಕಿದೆ ಎಂದು ವಿವರಿಸಲು ಅವರಿಗೆ ಕಷ್ಟವಾಗಲಿಲ್ಲ. ನಾವು ನೋಡಿ ‘ಇದು ಎಲ್ಲರಿಗೂ ತಿಳಿಯುತ್ತದೆ’ ಎನ್ನುವ ಸನ್ನೆಗಳಲ್ಲಿ ಹೆಚ್ಚಿನವು ಹೀಗೆ ಉತ್ತರ ಗೊತ್ತಾದ ಮೇಲಿನ ಒಗಟುಗಳು.

ಇಷ್ಟಾದರೂ ಜನಪ್ರಿಯ ನಂಬಿಕೆಯಲ್ಲಿ ಒಂದು ಸತ್ಯದ ಎಳೆ ಇದೆ, ಅದನ್ನು ಮುಚ್ಚಿಡಬಾರದು. ಭಾಷೆ ಗೊತ್ತಿಲ್ಲದ ಇಬ್ಬರು ಕಿವಿ ಕೇಳುವವರು ರೈಲಿನಲ್ಲಿ ಎದುರುಬದುರು ಕುಳಿತರೆ ನಗು, ತಿಂಡಿಯ ಹಂಚಿಕೆಗಳಲ್ಲೇ ಪ್ರಯಾಣ ಮುಗಿಯುತ್ತದೆ. ಬೇರೆ ಬೇರೆ ದೇಶದ ಇಬ್ಬರು ಕಿವುಡರಾದರೋ ಅರ್ಧ ತಾಸಿನಲ್ಲಿ ಮನೆ, ಮಕ್ಕಳು, ಕೆಲಸ, ಕಷ್ಟ ಎಲ್ಲವನ್ನೂ ತಕ್ಕಮಟ್ಟಿಗೆ ಹಂಚಿಕೊಂಡಿರುತ್ತಾರೆ. ಇದಕ್ಕೆ ಕಾರಣ ಪದಗಳ ಸಾಮ್ಯವಲ್ಲ. ಸನ್ನೆಭಾಷೆಗಳ ವ್ಯಾಕರಣದಲ್ಲಿ ಬಹಳಷ್ಟು ಭಾಗ ಜಾಗದ ಬಳಕೆಯಿಂದ ಆದದ್ದು: ಒಬ್ಬ ವ್ಯಕ್ತಿಯನ್ನು ಬಲಕ್ಕೆ, ಇನ್ನೊಬ್ಬನನ್ನು ಎಡಕ್ಕೆ ನಿಲ್ಲಿಸಿ, ‘ಕೊಡು’ ಎಂಬ ಕ್ರಿಯೆಯನ್ನು ಬಲದಿಂದ ಎಡಕ್ಕೆ ಸರಿಸಿದರೆ ಯಾರು ಯಾರಿಗೆ ಕೊಟ್ಟರು ಎಂಬುದು ವಿಭಕ್ತಿ ಪ್ರತ್ಯಯವಿಲ್ಲದೆಯೇ ತಿಳಿಯುತ್ತದೆ. ಭುಜ ತಿರುಗಿಸಿ ಪಾತ್ರ ಬದಲಿಸುವುದು, ಹಿಡಿಯುವ ವಸ್ತುವಿನ ಗಾತ್ರಕ್ಕೆ ತಕ್ಕಂತೆ ಕೈಯ ಆಕಾರ ಬದಲಿಸುವುದು, ಹುಬ್ಬಿನಿಂದ ಪ್ರಶ್ನೆ ಸೂಚಿಸುವುದು, ಇಂಥ ಉಪಾಯಗಳು ದೂರದೂರದ ಸನ್ನೆಭಾಷೆಗಳಲ್ಲೂ ಕಾಣುತ್ತವೆ. ಜೊತೆಗೆ, ಕಿವಿ ಕೇಳುವವರ ನಡುವೆ ಬದುಕಿ, ತನ್ನ ಭಾಷೆ ಬಾರದವರಿಗೆ ಅರ್ಥ ಮುಟ್ಟಿಸುವುದೇ ಕಿವುಡರ ದಿನನಿತ್ಯದ ಅಭ್ಯಾಸ. ಹಣ್ಣಿನಂಗಡಿಯಿಂದ ಪೊಲೀಸ್ ಠಾಣೆಯವರೆಗೆ ನಡೆಸಿದ ಆ ತಾಲೀಮು ವಿದೇಶದಲ್ಲಿ ಕೆಲಸಕ್ಕೆ ಬರುತ್ತದೆ. ಭಾಷೆ ಒಂದೇ ಎಂಬುದು ಇದರ ಅರ್ಥವಲ್ಲ. ಭಾಷೆ ಬೇರೆಯಾದಾಗ ಏನು ಮಾಡಬೇಕೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು ಎಂದಷ್ಟೇ.

ಈ ಕೌಶಲದಿಂದಲೇ ಅಂತರರಾಷ್ಟ್ರೀಯ ಸನ್ನೆ ಎಂಬ ಒಂದು ಬೆರಕೆ ಬಳಕೆ ಬೆಳೆದಿದೆ. 1951ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ವಿಶ್ವ ಕಿವುಡರ ಒಕ್ಕೂಟ, ಸಮ್ಮೇಳನಗಳಿಗೆಂದು ಸಮಿತಿಯೊಂದರ ಮೂಲಕ ಸುಮಾರು 1,500 ಸನ್ನೆಗಳ ಪಟ್ಟಿಯನ್ನು ಸಿದ್ಧಪಡಿಸಿ 1975ರಲ್ಲಿ ‘ಗೆಸ್ಟುನೊ’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಪದಪಟ್ಟಿ ಇತ್ತು, ವ್ಯಾಕರಣ ಇರಲಿಲ್ಲ; ಎಲ್ಲ ದೇಶದವರಿಗೂ ಎಂದು ಕಟ್ಟಿದ ಕೃತಕ ಭಾಷೆ ಎಸ್ಪೆರಾಂಟೊದಂತೆ ಅದೂ ಜನರ ಕೈಗೆ ಹತ್ತಲಿಲ್ಲ. ಬದಲಿಗೆ ಕಿವುಡರ ಕ್ರೀಡಾಕೂಟಗಳಲ್ಲಿ, ಸಭೆಗಳಲ್ಲಿ ಕಿವುಡರು ತಾವೇ ಹದಗೊಳಿಸಿಕೊಂಡ ಬಳಕೆ ಉಳಿಯಿತು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ, ಈಗ ಡೆಫ್ಲಿಂಪಿಕ್ಸ್ ಎಂದು ಕರೆಯುವ ಕ್ರೀಡಾಕೂಟ 2025ರ ನವೆಂಬರಿನಲ್ಲಿ ಟೋಕಿಯೊದಲ್ಲಿ ನಡೆಯಿತು. ಇಂಥ ಕಡೆಗಳಲ್ಲಿ ಈ ಅಂತರರಾಷ್ಟ್ರೀಯ ಸನ್ನೆಯೇ ಆಸರೆ. ಆದರೆ ಅದರ ಪದಗಳಲ್ಲಿ ಯುರೋಪ್ ಮತ್ತು ಅಮೆರಿಕದ ಪಾಲು ದೊಡ್ಡದು. ಹಲವು ದೇಶ ಸುತ್ತಿದ, ಓದಿದ ಕಿವುಡರಿಗೆ ಅದು ಸಲೀಸು. ಮೊದಲ ಬಾರಿಗೆ ಊರು ಬಿಟ್ಟು ಬಂದ ಆಟಗಾರನಿಗೆ ಅಷ್ಟು ಸಲೀಸಲ್ಲ.

ಈಗ ನಮ್ಮ ಕಡೆಗೆ ಬರೋಣ. ಭಾರತದಲ್ಲಿ 2011ರ ಜನಗಣತಿಯ ಪ್ರಕಾರ ಶ್ರವಣದೋಷ ಇರುವವರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಪ್ರತಿ ರಾಜ್ಯಕ್ಕೂ ಒಂದು ಆಡುಭಾಷೆ ಇರುವ ದೇಶದಲ್ಲಿ ಸನ್ನೆಭಾಷೆಗಳೂ ಡಜನುಗಟ್ಟಲೆ ಇರಬೇಕೆಂದು ಊಹಿಸುವುದು ಸಹಜ. 1970ರ ದಶಕದಲ್ಲಿ ಮದನ್ ವಾಸಿಷ್ಠ ಮತ್ತು ಸಂಗಡಿಗರು ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಹೋಲಿಸಿ ನೋಡಿದಾಗ ಸುಮಾರು ಮುಕ್ಕಾಲು ಪಾಲು ಪದಗಳಲ್ಲಿ ಸಂಬಂಧ ಕಂಡುಬಂತು. ಮುಂದೆ ಉಲ್ರಿಕೆ ಝೆಶಾನ್ ಕರಾಚಿ ಮತ್ತು ದೆಹಲಿಯ ಬಳಕೆಗಳನ್ನು ಅಭ್ಯಾಸ ಮಾಡಿ, ಪದಗಳಲ್ಲಿ ವ್ಯತ್ಯಾಸವಿದ್ದರೂ ವ್ಯಾಕರಣ ಒಂದೇ ಎಂದು ಕಂಡುಕೊಂಡು, ‘ಇಂಡೋ-ಪಾಕಿಸ್ತಾನಿ ಸನ್ನೆಭಾಷೆ’ ಎಂಬ ಒಂದೇ ಹೆಸರಿನಡಿ ಎರಡನ್ನೂ ವರ್ಣಿಸಿದರು. ಕನ್ನಡಕ್ಕೂ ಬಂಗಾಳಿಗೂ ನಡುವೆ ಇರುವ ಅಂತರ ಬೆಂಗಳೂರಿನ ಸನ್ನೆಗೂ ಕೊಲ್ಕತ್ತದ ಸನ್ನೆಗೂ ಇಲ್ಲ. 1947ರಲ್ಲಿ ಎಳೆದ ಗೆರೆಯೂ ಅದನ್ನು ಎರಡಾಗಿಸಿಲ್ಲ.

ಈ ಭಾಷೆಯ ಒಂದು ಚಂದವನ್ನು ಹೇಳದೆ ಮುಂದೆ ಹೋಗಲಾರೆ. ಇದರಲ್ಲಿ ಪ್ರಶ್ನೆಗೆ ಒಂದೇ ಸಾಮಾನ್ಯ ಸನ್ನೆಯಿದೆ. ಮುಖ ತೋರಿಸಿ ಆ ಸನ್ನೆ ಸೇರಿಸಿದರೆ ಯಾರು, ಜಾಗದ ಸನ್ನೆಗೆ ಸೇರಿಸಿದರೆ ಎಲ್ಲಿ, ಹೊತ್ತಿನ ಸನ್ನೆಗೆ ಸೇರಿಸಿದರೆ ಯಾವಾಗ. ಪ್ರಶ್ನೆಯ ಪದ ಬರುವುದು ವಾಕ್ಯದ ಕೊನೆಗೆ: ‘ನೀನು ಹೆಸರು ಏನು’ ಎಂಬ ಕ್ರಮದಲ್ಲಿ. ಕನ್ನಡಿಗರಿಗೆ ಇದು ಆಪ್ತವೆನಿಸಿದರೂ ಕನ್ನಡದಿಂದ ಬಂದದ್ದಲ್ಲ. ಹಿಂದಿ, ಉರ್ದು, ಇಂಗ್ಲಿಷ್ ಯಾವುದರ ನಕಲೂ ಅಲ್ಲ. ಶಾಲೆಗಳು ಇದನ್ನು ಕಲಿಸಿದವೂ ಅಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಸನ್ನೆಗಳನ್ನು ತರಗತಿಯಿಂದ ಹೊರಗಿಟ್ಟು, ತುಟಿ ನೋಡಿ ಮಾತು ಕಲಿಯುವ ವಿಧಾನವೇ ಶ್ರೇಷ್ಠವೆಂದು ತೀರ್ಮಾನಿಸಿದ ಮೇಲೆ ಲೋಕದ ಶಾಲೆಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿ ಹಿಡಿದವು, ನಮ್ಮವೂ ಸಹ. ಆ ತೀರ್ಮಾನವನ್ನು ಅದೇ ಸಮ್ಮೇಳನ ಪರಂಪರೆ ಅಧಿಕೃತವಾಗಿ ತಳ್ಳಿಹಾಕಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ನಡುವಿನ 130 ವರ್ಷಗಳಲ್ಲಿ ಬಹುಕಾಲ ಸನ್ನೆಭಾಷೆಗಳು ಬದುಕಿದ್ದು ಮೇಷ್ಟರ ಬೆನ್ನ ಹಿಂದೆ, ಆಟದ ಮೈದಾನದಲ್ಲಿ, ಹಾಸ್ಟೆಲಿನ ಊಟದ ಸಾಲಿನಲ್ಲಿ.

ಇಡೀ ದೇಶಕ್ಕೆ ಒಂದೇ ಎಂದು ಸಮಾಧಾನಪಡುವ ಹೊತ್ತಿಗೆ ಕರ್ನಾಟಕದ್ದೇ ಒಂದು ಊರು ಅಡ್ಡ ನಿಲ್ಲುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಶಿಯಾ ಮುಸ್ಲಿಮರ ಆ ದೊಡ್ಡ ಊರಿನಲ್ಲಿ, ಸಂಬಂಧದೊಳಗಿನ ಮದುವೆಗಳ ಕಾರಣ ಹುಟ್ಟು ಕಿವುಡರ ಪ್ರಮಾಣ ಬೇರೆಡೆಗಿಂತ ಹೆಚ್ಚು. ಅಲ್ಲಿ ತಲೆಮಾರುಗಳಿಂದ ತನ್ನದೇ ಆದ ಸನ್ನೆಭಾಷೆ ಬೆಳೆದಿದೆ. ಸ್ವತಃ ಕಿವುಡರಾದ ಭಾಷಾವಿಜ್ಞಾನಿ ಸಿಬಾಜಿ ಪಂಡಾ ಅದನ್ನು ಅಧ್ಯಯನ ಮಾಡಿ ದಾಖಲಿಸಿದ್ದಾರೆ. ಹೀಗೆ ಹಳ್ಳಿಯೊಳಗೇ ಹುಟ್ಟಿದ ಸನ್ನೆಭಾಷೆಗಳು ಬಾಲಿ ದ್ವೀಪದ ಬೆಂಕಲಾ, ಘಾನಾದ ಅಡಮೊರೊಬೆ ಮುಂತಾದ ಊರುಗಳಲ್ಲೂ ಇವೆ. ಅವುಗಳ ವಿಶೇಷವೆಂದರೆ ಕಿವಿ ಕೇಳುವ ಅಕ್ಕಪಕ್ಕದವರಿಗೂ ಆ ಭಾಷೆ ಬರುತ್ತದೆ. ಅಂಥ ಊರಿನಲ್ಲಿ ಅಂಗಡಿಗೆ ಹೋಗಲು ಕಿವುಡರಿಗೆ ದುಭಾಷಿ ಬೇಕಿಲ್ಲ. ದುಭಾಷಿ ಬೇಕಾಗುವುದು ಊರು ದಾಟಿದಾಗ, ಮತ್ತು ಆಗ ಬರುವ ದುಭಾಷಿಗೆ ಆ ಊರಿನ ಸನ್ನೆ ಬಾರದೆ ಇರಬಹುದು.

ಈ ಪ್ರಶ್ನೆಗಳು ಇಂದು ಬರೀ ಪಾಂಡಿತ್ಯದವಲ್ಲ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಸನ್ನೆಭಾಷೆಯನ್ನು ದೇಶದಾದ್ಯಂತ ಏಕರೂಪಗೊಳಿಸುವುದಾಗಿ ಹೇಳಿದೆ. ಸ್ಥಳೀಯ ಸನ್ನೆಭಾಷೆಗಳನ್ನು ಗೌರವಿಸಿ ಕಲಿಸಬೇಕೆಂಬ ಮಾತೂ ಅಲ್ಲೇ ಇದೆ. ಪಠ್ಯಪುಸ್ತಕ, ಪರೀಕ್ಷೆ, ದುಭಾಷಿಗಳ ತರಬೇತಿ ಇವಕ್ಕೆಲ್ಲ ಒಂದು ಒಪ್ಪಿತ ರೂಪ ಬೇಕು ಎಂಬುದನ್ನು ಅಲ್ಲಗಳೆಯಲಾಗದು. ‘ದ್ಯುತಿಸಂಶ್ಲೇಷಣೆ’ಗೆ ಪ್ರತಿ ಶಾಲೆಯೂ ಒಂದೊಂದು ಸನ್ನೆ ಕಟ್ಟಿಕೊಂಡರೆ ಮಕ್ಕಳಿಗೇ ನಷ್ಟ. ಆದರೆ ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ತಪ್ಪು ಎಂದು ಪಠ್ಯಪುಸ್ತಕ ಹೇಳಿದರೆ ನಾವು ಸುಮ್ಮನಿರುತ್ತೇವೆಯೇ? ಶಾಲೆಯಿಂದಲೇ ಭಾಷೆ ಬರುವ ಮಕ್ಕಳ ವಿಷಯದಲ್ಲಿ ಅಧಿಕೃತ ಪದವೊಂದು ಹಳೆಯ ಪದವನ್ನು ಅಳಿಸಲು ಒಂದೆರಡು ತಲೆಮಾರು ಸಾಕು. ನಿಘಂಟಿನಲ್ಲಿ ಒಂದು ಅರ್ಥಕ್ಕೆ ಎರಡು ಮೂರು ಊರಿನ ಸನ್ನೆಗಳಿಗೆ ಜಾಗವಿರಬೇಕು ಎಂಬುದು ನನ್ನ ಅಭಿಪ್ರಾಯ.

ಯಂತ್ರಗಳ ವಿಷಯದಲ್ಲಂತೂ ‘ಎಲ್ಲ ಸನ್ನೆಯೂ ಒಂದೇ’ ಎಂಬ ಭ್ರಮೆ ಇನ್ನೂ ದಟ್ಟವಾಗಿದೆ. ಕೈಗವಸು ತೊಟ್ಟರೆ ಸನ್ನೆ ಮಾತಾಗುತ್ತದೆ ಎಂಬ ಪ್ರಾಜೆಕ್ಟು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷ ಬಿಟ್ಟು ವರ್ಷ ಮರುಹುಟ್ಟು ಪಡೆಯುತ್ತಲೇ ಇದೆ. ಅವುಗಳಲ್ಲಿ ಹೆಚ್ಚಿನವು ಗುರುತಿಸುವುದು ಬಿಡಿ ಅಕ್ಷರಗಳನ್ನು, ಅದೂ ಸುಲಭವಾಗಿ ಸಿಗುವ ಅಮೆರಿಕದ ಒಂದು ಕೈಯ ಅಕ್ಷರಗಳನ್ನು. ಹುಬ್ಬು, ತುಟಿ, ಭುಜಗಳಲ್ಲಿರುವ ವ್ಯಾಕರಣವನ್ನು ಗವಸು ಕಾಣುವುದೇ ಇಲ್ಲ. ನನ್ನ ಕಾಫಿ ಅಂಗಡಿಯ ತಪ್ಪನ್ನೇ ಅವು ಬ್ಯಾಟರಿ ಹಾಕಿಕೊಂಡು ಮಾಡುತ್ತವೆ.

ತಪ್ಪು ಸನ್ನೆಗೆ ಬೆಲೆ ತೆರಬೇಕಾದ ಜಾಗಗಳು ಬೇರೆ ಇವೆ. 2013ರ ಡಿಸೆಂಬರಿನಲ್ಲಿ ನೆಲ್ಸನ್ ಮಂಡೇಲಾ ಅವರ ಸಂತಾಪ ಸಭೆಯಲ್ಲಿ ಜಗತ್ತಿನ ನಾಯಕರ ಪಕ್ಕದಲ್ಲೇ ದುಭಾಷಿಯಾಗಿ ನಿಂತು ಕೈಯಾಡಿಸಿದ ವ್ಯಕ್ತಿಯ ಸನ್ನೆ ದಕ್ಷಿಣ ಆಫ್ರಿಕಾದ್ದೂ ಆಗಿರಲಿಲ್ಲ, ಬೇರೆ ಯಾವ ದೇಶದ್ದೂ ಆಗಿರಲಿಲ್ಲ. ಟಿವಿ ನೋಡುತ್ತಿದ್ದ ಕಿವುಡರಿಗೆ ಅದು ಕೂಡಲೇ ತಿಳಿಯಿತು. ವೇದಿಕೆಯ ಮೇಲಿದ್ದ ಯಾರಿಗೂ ತಿಳಿಯಲಿಲ್ಲ. ನಮ್ಮಲ್ಲಿ 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಅವರಿಗೆ ದುಭಾಷಿಯ ವ್ಯವಸ್ಥೆಯಾಯಿತು. ಅದು ದೊಡ್ಡ ಹೆಜ್ಜೆಯೇ. ಆದರೆ ವಕೀಲೆಗೆ ಸಿಕ್ಕ ದುಭಾಷಿ ಶಾಲೆಯನ್ನೇ ಕಾಣದ ಕಕ್ಷಿದಾರಳಿಗೆ ಸಾಲುವುದಿಲ್ಲ. ಮನೆಯವರ ನಡುವೆ ಕಟ್ಟಿಕೊಂಡ ನಾಲ್ಕು ಸನ್ನೆಗಳಷ್ಟೇ ಇರುವ, ಅಥವಾ ತನ್ನ ಊರಿನ ಸನ್ನೆ ಮಾತ್ರ ಬರುವ ಹೆಂಗಸು ಸಾಕ್ಷಿ ಹೇಳಬೇಕಾದಾಗ ಅಮೆರಿಕ, ಬ್ರಿಟನ್ನಿನ ನ್ಯಾಯಾಲಯಗಳು ಒಬ್ಬರ ಬದಲು ಇಬ್ಬರು ದುಭಾಷಿಗಳನ್ನು ಕರೆಸುವ ರೂಢಿ ಇದೆ. ನ್ಯಾಯಾಧೀಶರ ಮಾತನ್ನು ಕಿವಿ ಕೇಳುವ ದುಭಾಷಿ ಪ್ರಮಾಣಿತ ಸನ್ನೆಗೆ ತರುತ್ತಾರೆ. ಅದನ್ನು ನೋಡಿ ಸ್ವತಃ ಕಿವುಡರಾದ ಎರಡನೆಯ ದುಭಾಷಿ, ಆ ಹೆಂಗಸಿಗೆ ತಿಳಿಯುವಂತೆ ಬಿಡಿಸಿ, ಅಭಿನಯಿಸಿ, ಬೇಕಾದರೆ ಹಾಳೆಯ ಮೇಲೆ ಮನೆಯ ನಕ್ಷೆ ಬರೆದು ಹೇಳುತ್ತಾರೆ. ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ‘ಅವನು ಯಾವ ಬಾಗಿಲಿನಿಂದ ಬಂದ’ ಎಂಬ ಒಂದು ಪ್ರಶ್ನೆಗೆ ಹತ್ತು ನಿಮಿಷ ಹಿಡಿಯಬಹುದು, ಮತ್ತು ಆ ಹತ್ತು ನಿಮಿಷವನ್ನು ಕೊಡಲು ನ್ಯಾಯಾಲಯ ಸಿದ್ಧವಿರಬೇಕು.